‘ಫ್ಯಾಮಿಲಿಗೆ ಮಾತ್ರ’ ಅಂದ್ರೆ ಯಾರಿಗೆ ಸ್ವಾಮಿ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ, ಮನೆ ಬದಲಾವಣೆ, ಸೋಮಾರಿತನ... ಕಾರಣಗಳಿಗೇನು ಬರ? ಈ ಸಲ ಮಾತ್ರ ಬರೆಯದೆ ಇದ್ದರೆ ತಲೆ ಕೆಡುತ್ತೆ ಅನ್ನಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸ್ವಲ್ಪ ಖಾರವೂ ಆಗಬಹುದು. ಸಹಿಸಿಕೊಳ್ಳಿ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೇಟಿಗೆ ತಂತಿಯಲ್ಲಿ ಕಟ್ಟಿದ ಬೋರ್ಡು ಗೊತ್ತು. ‘ಮನೆ ಬಾಡಿಗೆಗಿದೆ. ಫ್ಯಾಮಿಲಿಗೆ ಮಾತ್ರ.’ ಕೆಲವು ಕಡೆ ಅದರ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’. ಇನ್ನೊಂದು ಸಾಲನ್ನು ಯಾರೂ ಬೋರ್ಡಿನ ಮೇಲೆ ಬರೆಯೋದಿಲ್ಲ, ಮೆಟ್ಟಿಲ ಮೇಲೆ ನಿಂತಾಗ ಬಾಯಲ್ಲಿ ಕೇಳುತ್ತಾರೆ: ‘ನೀವು ಯಾವ ಜನ?’ ಈ ಮೂರರ ಮೇಲೂ ಜಗಳ ಆಡಬಹುದು. ಇವತ್ತು ನನ್ನ ಜಗಳ ‘ಫ್ಯಾಮಿಲಿ’ ಅನ್ನೋದರ ಜೊತೆ.

ನಾನು ಮತ್ತು ನನ್ನವನು ಏಳು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ. ಇಬ್ಬರೂ ಗಂಡಸರು. ಇದನ್ನು ಇಲ್ಲಿ ಮೊದಲ ಸಲ ಬರೀತಿದ್ದೇನೆ. ಹಳೇ ಓದುಗರಿಗೆ ನನ್ನ ಬರಹಗಳಲ್ಲಿ ಆಗಾಗ ಬರುವ ‘ರೂಮ್‌ಮೇಟ್’ ನೆನಪಿರಬಹುದು. ಅನ್ನಕ್ಕೆ ಯಾವಾಗಲೂ ನೀರು ಜಾಸ್ತಿ ಇಟ್ಟು ಗಂಜಿ ಮಾಡುವವನು. ಅವನು ರೂಮ್‌ಮೇಟ್ ಅಲ್ಲ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಇರಲಿ. ಯಾಕೆ ಹೇಳಿದೆ ಅನ್ನೋದನ್ನೇ ಇವತ್ತು ಬರೀತಿರೋದು.

ನನ್ನ ಕೆಲಸ ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ. ದಿನವಿಡೀ ಮೈಕ್ರೋಮೀಟರ್ ಹಿಡಿದು ಶಾಫ್ಟ್, ಗೇರು ಅಳೆಯೋದು. ಅವನದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ. ಒಬ್ಬನ ಅನ್ನ ಊರಿನ ಆ ತುದಿ, ಇನ್ನೊಬ್ಬನದು ಈ ತುದಿ. ಮನೆ ಪೀಣ್ಯದ ಕಡೆ ಮಾಡಿದ್ದೆವು, ಅಲ್ಲಿ ಬಾಡಿಗೆ ಕಡಿಮೆ ಅಂತ. ಮನೆಯವರಿಗೆ ಹೇಳಿದ್ದು ಚಿಕ್ಕಪ್ಪನ ಮಗ, ದೊಡ್ಡಪ್ಪನ ಮಗ ಅಂತ. ನಾನು ರಾಣೆಬೆನ್ನೂರಿನವನು, ಅವನು ತಿಪಟೂರಿನವನು. ನಾನು ‘ಏನ್ರೀ’ ಅಂದರೆ ಅವನು ‘ಏನ್ ಸಾರ್’ ಅಂತಾನೆ. ನಮ್ಮಿಬ್ಬರ ಮಾತು ಕೇಳಿದ ಯಾರಾದರೂ ಒಂದೇ ಮನೆತನದ ಹುಡುಗರು ಅಂತ ನಂಬುತ್ತಾರೆಯೇ? ನಂಬಿದರು. ಬಾಡಿಗೆ ಸರಿಯಾಗಿ ಬರ್ತಿತ್ತಲ್ಲ!

ಆ ಸುಳ್ಳು ಮುರಿದುಬಿದ್ದದ್ದು ಯಾರೋ ನಮ್ಮನ್ನು ಹಿಡಿದುಕೊಟ್ಟು ಅಲ್ಲ. ಮನೆ ಓನರ್ ಆಂಟಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿಯಾಗಿ. ಹಬ್ಬಕ್ಕೆ ಒಬ್ಬಟ್ಟು ಕೊಡ್ತಿದ್ದರು, ಅವರ ಮೊಮ್ಮಗನಿಗೆ ನಾನು ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಟ್ಟಿದ್ದೆ. ಒಂದು ಭಾನುವಾರ ಆಂಟಿ ಅವನಿಗೆ ಒಂದು ಹುಡುಗಿಯ ಫೋಟೋ ತಂದರು, ಅವರ ತಂಗಿಯ ಮಗಳದು. ಬೇಡ ಅಂದೆವು. ‘ಯಾಕಪ್ಪಾ ಬೇಡ?’ ಅಂದರು. ಕೆಲಸ, ಸಾಲ, ಜಾತಕ, ಏನೇನೋ ಹೇಳಿದೆವು. ಒಂದೊಂದಕ್ಕೂ ಅವರ ಹತ್ತಿರ ಪರಿಹಾರ ಇತ್ತು. ಮೂರನೇ ಭಾನುವಾರ ಅವನಿಗೆ ಸುಳ್ಳು ಹೇಳಿ ಸಾಕಾಗಿತ್ತೋ ಏನೋ, ನಿಜ ಹೇಳಿಬಿಟ್ಟ. ಆಂಟಿ ಏನೂ ಅನ್ನಲಿಲ್ಲ, ಇಳಿದು ಹೋದರು. ರಾತ್ರಿ ಅವರ ಮಗ ಬಂದು ‘ಎರಡು ತಿಂಗಳಲ್ಲಿ ಖಾಲಿ ಮಾಡಿ, ನಮ್ಮ ಸಂಬಂಧಿಕರು ಬರ್ತಿದ್ದಾರೆ’ ಅಂದರು. ಅಡ್ವಾನ್ಸ್ ವಾಪಸ್ ಕೊಟ್ಟರು, ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು. ಬೈಗುಳ ಇಲ್ಲ, ಗಲಾಟೆ ಇಲ್ಲ. ಒಬ್ಬಟ್ಟು ಮಾತ್ರ ನಿಂತಿತು.

ಇಷ್ಟು ಕಥೆ. ಇನ್ನು ಜಗಳಕ್ಕೆ ಬರ್ತೀನಿ.

ಮನೆ ಹುಡುಕಬೇಕು ಅಂದಾಗ ಗೊತ್ತಿದ್ದ ನಾಲ್ಕು ಜನ ಗೆಳೆಯರನ್ನು ಕೇಳಿದೆ: ‘ನಮ್ಮಂಥವರಿಗೆ ಯಾವ ಏರಿಯಾ ಒಳ್ಳೇದು?’ ಮೂರು ಥರದ ಸಲಹೆ ಬಂತು.

ಮೊದಲನೆಯದು: ‘ವೈಟ್‌ಫೀಲ್ಡಿಗೆ ಹೋಗಿ. ದೊಡ್ಡ ಅಪಾರ್ಟ್‌ಮೆಂಟು, ಎಲ್ಲ ಹೊರಗಿನವರು, ಓದಿದವರು. ಯಾರೂ ಯಾರನ್ನೂ ಕೇಳಲ್ಲ.’

ಹೋದೆವು. ಪರ್ಪಲ್ ಲೈನ್ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೂ ಓಡುತ್ತೆ, ಹೋಗೋದೇನು ಕಷ್ಟವಿಲ್ಲ. ಗೇಟಲ್ಲಿ ಸೆಕ್ಯುರಿಟಿಯವನು ಫೋಟೋ ತೆಗೆದ, ಮೊಬೈಲಿನಲ್ಲಿ ಅನುಮತಿ ಬಂದ ಮೇಲೆ ಒಳಗೆ ಬಿಟ್ಟ. ಬ್ರೋಕರ್ ಅಸೋಸಿಯೇಷನ್ನಿನ ಫಾರಂ ಕೊಟ್ಟರು. ಅದರಲ್ಲಿ ಎರಡು ಚೌಕ: ಫ್ಯಾಮಿಲಿ, ಬ್ಯಾಚುಲರ್ಸ್. ಬ್ಯಾಚುಲರ್ಸ್ ಅಂತ ಟಿಕ್ ಮಾಡಿದರೆ ರಾತ್ರಿ ಹತ್ತರ ಮೇಲೆ ಅತಿಥಿಗಳು ಬರಬಾರದು, ಈಜುಕೊಳಕ್ಕೆ ಇಳಿಯಬಾರದು, ಅಡ್ವಾನ್ಸ್ ಜಾಸ್ತಿ. ಫ್ಯಾಮಿಲಿ ಅಂತ ಟಿಕ್ ಮಾಡಿದರೆ ಕೆಳಗೆ ‘ಸಂಬಂಧ’ ಅಂತ ಒಂದು ಕಾಲಂ. ನನಗೆ ನಲವತ್ತೊಂದು ವರ್ಷ, ಅವನಿಗೆ ಮೂವತ್ತೆಂಟು. ಇಬ್ಬರಿಗೂ ಬೆಳ್ಳಿ ಕೂದಲು ಬಂದಿದೆ. ಇನ್ನೂ ಬ್ಯಾಚುಲರ್ಸ್! ಯಾರೂ ಯಾರನ್ನೂ ಕೇಳಲ್ಲ ಅಂದಿರಲ್ಲ, ಹೌದು, ಬಾಯಲ್ಲಿ ಯಾರೂ ಕೇಳಲಿಲ್ಲ. ಎಲ್ಲ ಫಾರಂನಲ್ಲೇ ಅಚ್ಚಾಗಿತ್ತು.

ಅಲ್ಲೇ ಇನ್ನೊಂದು ವಿಷಯ ನೆನಪಾಯ್ತು. ವೈಟ್‌ಫೀಲ್ಡ್ ಹೇಗೆ ಹುಟ್ಟಿತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ವೈಟ್ ಅನ್ನುವವರು, ಅವರ ಹೆಸರೇ ಊರಿಗೆ ಬಂತು. ಇಂಗ್ಲಿಷರಿಗೆ ಪೂರ್ತಿ ಬಿಳಿಯರಲ್ಲದ, ಇಲ್ಲಿಯವರಿಗೆ ಪೂರ್ತಿ ನಮ್ಮವರಲ್ಲದ ಜನ, ತಮ್ಮ ಪಾಡಿಗೆ ತಾವು ಮನೆ ಕಟ್ಟಿಕೊಂಡು ಬೇಸಾಯ ಮಾಡಿಕೊಂಡಿರಲಿ ಅಂತ. ಅಂದರೆ ಎರಡೂ ಕಡೆ ಸಲ್ಲದವರಿಗೆ ಒಂದು ಜಾಗ ಇರಲಿ ಅಂತ ಆದ ಊರು ಅದು. 140 ವರ್ಷದ ನಂತರ ಅದೇ ಊರಿನಲ್ಲಿ ಎರಡು ಚೌಕದ ಫಾರಂ ಹಿಡಿದು ನಿಂತಿದ್ದೆವು, ಎರಡರಲ್ಲೂ ಸಲ್ಲದೆ.

ಇದಕ್ಕೆ ನಮ್ಮ ಐಟಿ ಗೆಳೆಯರು ‘ಈಗ ಕಂಪನಿಗಳು ತುಂಬಾ ಮುಂದುವರಿದಿವೆ’ ಅಂತಾರೆ. ನಿಜ, ಅದನ್ನು ಅಲ್ಲಗಳೆಯಲ್ಲ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್‌ನಲ್ಲಿ ಇಂಥ ಉದ್ಯೋಗಿಗಳ ಗುಂಪು 2011ರಲ್ಲೇ ಶುರುವಾಯ್ತು, 377ನೇ ಕಲಂ ಹೋಗೋದಕ್ಕೆ ಏಳು ವರ್ಷ ಮೊದಲು. ಹಲವು ಕಂಪನಿಗಳು ಸಂಗಾತಿಗೆ ಆರೋಗ್ಯ ವಿಮೆ ಕೊಡುತ್ತವೆ. ನನ್ನವನ ಕಂಪನಿಯ ವಿಮೆಯಲ್ಲಿ ನನ್ನ ಹೆಸರಿದೆ. ಪೀಣ್ಯದ ನನ್ನ ಶಾಪಿನಲ್ಲಿ ಇಎಸ್‌ಐ ಕಾರ್ಡಿನಲ್ಲಿ ಅವನ ಹೆಸರು ಹಾಕಿಸೋ ಮಾತನ್ನು ನಾನು ಎತ್ತಿಲ್ಲ, ಎತ್ತೋ ಧೈರ್ಯವೂ ಇಲ್ಲ. ಜೂನ್ ತಿಂಗಳಲ್ಲಿ ಕಾಮನಬಿಲ್ಲಿನ ಬಣ್ಣದ ಲೋಗೋ ಹಾಕಿಕೊಳ್ಳುವ ಕಂಪನಿಯ ಕಾಂಪೌಂಡು ದಾಟಿ ಹತ್ತು ಹೆಜ್ಜೆ ಬಂದರೆ ಮತ್ತೆ ಅದೇ ಬೋರ್ಡು. ಕಾಮನಬಿಲ್ಲು ಗೇಟಿನವರೆಗೆ ಮಾತ್ರ. ರಾತ್ರಿ ಮಲಗೋದು ಗೇಟಿನ ಆಚೆ ಅಲ್ಲವೇ?

ಎರಡನೇ ಸಲಹೆ: ‘ಪೀಣ್ಯ, ಲಗ್ಗೆರೆ, ದಾಸರಹಳ್ಳಿ ಕಡೆಯೇ ಇದ್ದುಬಿಡಿ. ಅಣ್ಣ ತಮ್ಮ ಅನ್ನಿ. ಯಾರಿಗೆ ಬೇಕು? ಸುಮ್ಮನಿದ್ದರೆ ಆಯ್ತು.’

ಇದನ್ನು ಹೇಳಿದವರು ನಮ್ಮ ಒಳ್ಳೇದಕ್ಕೇ ಹೇಳಿದ್ದು. ಆ ಕಡೆಯ ವಠಾರಗಳಲ್ಲಿ, ಶೀಟ್ ಮನೆಗಳಲ್ಲಿ ಇಬ್ಬರು ಹುಡುಗರು, ಇಬ್ಬರು ಗಾರ್ಮೆಂಟ್ಸ್ ಹುಡುಗಿಯರು ಒಂದೇ ರೂಮಿನಲ್ಲಿ ಇರೋದು ಸಾಮಾನ್ಯ. ಸಂಬಳಕ್ಕೆ ಒಬ್ಬರೇ ಬಾಡಿಗೆ ಕಟ್ಟೋಕೆ ಆಗಲ್ಲ. ಹಾಗಾಗಿ ಯಾರೂ ಅನುಮಾನ ಪಡಲ್ಲ. ಆದರೆ ಕಾಣಿಸದೇ ಇರೋದನ್ನು ಸ್ವಾಗತ ಅಂತ ಕರೀಬೇಡಿ. ಸುಳ್ಳು ಎಲ್ಲಿಯವರೆಗೆ ಹೊರುತ್ತೆ? ಮದುವೆ ವಯಸ್ಸಿನವರೆಗೆ. ಕಾಯಿಲೆ ಬೀಳುವವರೆಗೆ. ಇಬ್ಬರು ಹುಡುಗಿಯರಾದರೆ ಇನ್ನೂ ಬೇಗ ಮುರಿಯುತ್ತೆ. ಊರಿನಿಂದ ಅಪ್ಪ, ಅಣ್ಣ ಬಂದು ಠಾಣೆಯಲ್ಲಿ ‘ಮಗಳು ಕಾಣೆ’ ಅಂತ ದೂರು ಕೊಡ್ತಾರೆ. ವಯಸ್ಸಿಗೆ ಬಂದ ಹೆಣ್ಣನ್ನು ಕೂರಿಸಿಕೊಂಡು ಬುದ್ಧಿ ಹೇಳಿ ಕಳಿಸೋ ಪೊಲೀಸರಿಗೆ, ಕೆಲವು ಸಲ ಕೋರ್ಟುಗಳಿಗೂ, ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಮಾರ್ಗಸೂಚಿ ಕೊಡಬೇಕಾಯ್ತು: ಇಂಥ ಪ್ರಕರಣದಲ್ಲಿ ಆ ವ್ಯಕ್ತಿಯ ಇಷ್ಟ ಏನು ಅಂತ ಕೇಳಿ, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ತಿರುಗಿಸೋ ಕೆಲಸ ಮಾಡಬೇಡಿ ಅಂತ. ‘ಸುಮ್ಮನಿದ್ದರೆ ಆಯ್ತು’ ಅನ್ನೋದು ಸಾಕಾಗಿದ್ದರೆ ಆ ಮಾರ್ಗಸೂಚಿ ಯಾಕೆ ಬೇಕಿತ್ತು?

ಮೂರನೇ ಸಲಹೆ: ‘ಈ ದೇಶ ಬಿಟ್ಟು ಹೋಗಿ. ಕೆನಡಾಕ್ಕೆ ಹೋಗಿ.’ ಥಾಯ್ಲೆಂಡಿನಲ್ಲೂ 2025ರ ಜನವರಿಯಿಂದ ಇಂಥ ಮದುವೆಗೆ ಕಾನೂನಿದೆ ಅಂತ ಲಿಂಕ್ ಬೇರೆ ಕಳಿಸಿದರು. ಸಂತೋಷ. ಪೀಣ್ಯದಲ್ಲಿ ಗೇರು ಅಳೆಯೋನಿಗೆ ಅಲ್ಲಿ ಯಾರು ವೀಸಾ ಕೊಡ್ತಾರೆ? ರಾಣೆಬೆನ್ನೂರಲ್ಲಿರೋ ಅವ್ವನಿಗೆ ಯಾರು ಮಾತ್ರೆ ತಂದುಕೊಡ್ತಾರೆ? ಮನೆ ಕೊಡಿ ಅಂದವನಿಗೆ ವಿಮಾನದ ದಾರಿ ತೋರಿಸೋದು ಸಲಹೆ ಅಲ್ಲ ಮಾರಾಯ್ರೆ, ಸಾಗಹಾಕೋದು.

ಈ ಮೂರೂ ಸಲಹೆಯಲ್ಲಿ ಒಂದೇ ತಪ್ಪು ಇದೆ ಅನ್ನೋದು ನನ್ನ ವಾದ. ಹೊಂದಿಕೊಳ್ಳೋ ಜವಾಬ್ದಾರಿಯೆಲ್ಲ ಮನೆ ಹುಡುಕೋನ ತಲೆ ಮೇಲೆ. ಅವನು ಏರಿಯಾ ಬದಲಿಸಬೇಕು, ಸುಳ್ಳು ಬದಲಿಸಬೇಕು, ದೇಶ ಬದಲಿಸಬೇಕು. ಬೋರ್ಡು ಮಾತ್ರ ಬದಲಾಗಬೇಕಿಲ್ಲ!

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ನೋಡೋಣ, ಏಕೆಂದರೆ ‘ಈಗ ಎಲ್ಲ ಸರಿಹೋಗಿದೆಯಲ್ಲ’ ಅನ್ನೋರು ಜಾಸ್ತಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು. ಅದಕ್ಕೂ ಮೊದಲು 2009ರಲ್ಲಿ ದೆಹಲಿ ಹೈಕೋರ್ಟ್ ತೆಗೆದಿತ್ತು, 2013ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಸೇರಿಸಿತ್ತು. ಆ ನಾಲ್ಕೂವರೆ ವರ್ಷ ಮನುಷ್ಯರಾಗಿ, ಆಮೇಲೆ ಐದು ವರ್ಷ ಮತ್ತೆ ಅಪರಾಧಿಗಳಾಗಿ ಬದುಕಿದೆವು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ಮದುವೆಯ ಹಕ್ಕು ಕೊಡಲು ಆಗಲ್ಲ, ಅದು ಶಾಸಕಾಂಗದ ಕೆಲಸ ಅಂದಿತು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. ನಡುವೆ 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು: ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು. ರೇಷನ್ ಕಾರ್ಡಿಗೆ ಇಬ್ಬರನ್ನೂ ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು.

ಈಗ ನೋಡಿ ತಮಾಷೆ. ರೇಷನ್ ಅಕ್ಕಿಗೆ ನಾವು ಒಂದೇ ಮನೆಯವರು. ಆ ಅಕ್ಕಿ ಬೇಯಿಸೋಕೆ ಮನೆ ಕೇಳಿದರೆ ಬ್ಯಾಚುಲರ್ಸ್.

ಯಾಕೆಂದರೆ ಖಾಸಗಿ ಮನೆ ಮಾಲೀಕ ಹೀಗೆ ನಿರಾಕರಿಸಿದರೆ ನಮ್ಮಂಥ ಜೋಡಿಗೆ ನೇರವಾಗಿ ಕೈ ಹಿಡಿಯೋ ಕಾನೂನಿಲ್ಲ. ಸಂವಿಧಾನದ 15ನೇ ವಿಧಿ ಸರ್ಕಾರವನ್ನು ಕಟ್ಟಿಹಾಕುತ್ತೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನೂ ಹೆಸರಿಸುತ್ತೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. 2005ರಲ್ಲಿ ಗುಜರಾತಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅಂತ ನಿಯಮ ಇಟ್ಟುಕೊಂಡದ್ದನ್ನು ಸುಪ್ರೀಂ ಕೋರ್ಟ್ ಸರಿ ಅಂದಿತು. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದ ಕಾಯ್ದೆಯಲ್ಲಿ ಮನೆ ಬಾಡಿಗೆ ಕೊಡುವಾಗ ತಾರತಮ್ಯ ಮಾಡಬಾರದು ಅಂತ ಬರೆದರು. ಬರೆದ ಮೇಲೂ ಅವರಿಗೆ ಮನೆ ಸಿಗೋದು ಎಷ್ಟು ಕಷ್ಟ ಅಂತ ಅವರನ್ನೇ ಕೇಳಿ. ಕಾನೂನೇ ಇಲ್ಲದ ನಮ್ಮ ಗತಿ ಊಹಿಸಿಕೊಳ್ಳಿ.

‘ಮನೆ ನಂದು, ಯಾರಿಗೆ ಕೊಡಬೇಕು ಅನ್ನೋದು ನನ್ನಿಷ್ಟ’ ಅಂತೀರಾ? ಹೌದು, ಇವತ್ತಿನ ಕಾನೂನು ನಿಮ್ಮ ಕಡೆಗೇ ಇದೆ. ಆದರೆ ಇದೇ ಮಾತನ್ನು ಹೇಳಿಯೇ ದಲಿತರಿಗೆ, ಮುಸ್ಲಿಮರಿಗೆ ಮನೆ ಇಲ್ಲ ಅಂದದ್ದು, ಈಗಲೂ ಅನ್ನುತ್ತಿರೋದು. ಅವರಿಗೆ ಇಲ್ಲ ಅಂದಾಗ ತಪ್ಪು ಅನ್ನಿಸಿದ್ದರೆ ಇದೂ ತಪ್ಪು. ಅದು ಸರಿ ಅನ್ನಿಸಿದ್ದರೆ ನಿಮ್ಮ ಜೊತೆ ಜಗಳ ಬೇರೆ, ಇನ್ನೊಂದು ದಿನ ಆಡೋಣ.

‘ಬಿಲ್ಡಿಂಗಿನಲ್ಲಿ ಮಕ್ಕಳಿದ್ದಾರೆ’ ಅಂತೀರಾ? ಆಂಟಿಯ ಮೊಮ್ಮಗ ಗಣಿತದಲ್ಲಿ ಪಾಸಾದ. ಅವನಿಗೆ ನನ್ನಿಂದ ಆದ ಕೆಡುಕು ಅಂದರೆ ಅಷ್ಟೇ.

‘ಇದೆಲ್ಲ ಇಂಗ್ಲಿಷ್ ಓದಿದವರ ಶೋಕಿ, ನಮ್ಮ ಕನ್ನಡದ್ದಲ್ಲ’ ಅಂತೀರಾ? ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಉರಿಸೋ ಮಾತು. ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ, ಕನ್ನಡದಲ್ಲಿ. ಇಂಗ್ಲಿಷಿಗೆ ಹೋದದ್ದು ಆಮೇಲೆ. ಅದನ್ನು ಬರೆದವರು ಸಂಡೂರಿನಲ್ಲಿ ಬೆಳೆದು, ಬೆಂಗಳೂರಿನ ಸಾಫ್ಟ್‌ವೇರಿನಲ್ಲಿ ದುಡಿದವರು. ಬೆಂಗಳೂರಿನ ‘ಸಂಗಮ’ ಸಂಸ್ಥೆ 1999ರಿಂದ ಕೆಲಸ ಮಾಡಿದ್ದು ಹೆಚ್ಚಾಗಿ ಇಂಗ್ಲಿಷ್ ಬಾರದ, ದುಡಿದು ತಿನ್ನುವ ಜನರ ಜೊತೆ. ನನ್ನ ಶಾಪಿನಲ್ಲಿ ಇಂಗ್ಲಿಷ್ ಇರೋದು ಡ್ರಾಯಿಂಗಿನ ಮೇಲೆ ಮಾತ್ರ. ನಾನು ಅವನನ್ನು ಇಷ್ಟಪಟ್ಟದ್ದು ಕನ್ನಡದಲ್ಲಿ. ಜಗಳ ಆಡೋದೂ ಕನ್ನಡದಲ್ಲೇ.

ಕನ್ನಡದ ಮಾತು ಬಂತು ಅಂತ ಒಂದು ಸಣ್ಣ ತಕರಾರು. ನಮ್ಮ ಪತ್ರಿಕೆಗಳು ‘ಸಲಿಂಗಕಾಮಿ’ ಅಂತ ಬರೀತವೆ. ಗಂಡ ಹೆಂಡತಿ ಮನೆ ಮಾಡಿದರೆ ‘ವಿಲಿಂಗಕಾಮಿಗಳಿಬ್ಬರು ಬಾಡಿಗೆಗೆ ಬಂದರು’ ಅಂತ ಬರೀತೀರಾ? ಅವರದು ಸಂಸಾರ, ನಮ್ಮದು ಮಾತ್ರ ಕಾಮ! ನಮ್ಮ ಮನೆಯಲ್ಲೂ ಇರೋದು ಗ್ಯಾಸ್ ಬುಕ್ ಮಾಡಿದೆಯಾ, ಕರೆಂಟ್ ಬಿಲ್ ಕಟ್ಟಿದೆಯಾ, ನೀರು ಬಂತಾ ಅನ್ನೋದೇ. ಪದಗಳ ಜೊತೆ ಒಡನಾಡುವವರು ನಾವು, ಒಂದು ಒಳ್ಳೇ ಪದ ಹುಡುಕೋಣ. ಅಲ್ಲಿಯವರೆಗೆ ‘ಜೋಡಿ’ ಅಂದರೆ ಸಾಕು.

ಇಷ್ಟೆಲ್ಲ ಅನುಭವಿಸಿದ ಮೇಲೆ ಒಳ್ಳೇ ಏರಿಯಾ ಅಂದರೆ ಏನು ಅಂತ ನನಗೆ ಒಂದು ಲೆಕ್ಕ ಸಿಕ್ಕಿದೆ. ಅದು ಪಿನ್‌ಕೋಡಿನಲ್ಲಿ ಇಲ್ಲ.

ಒಂದು, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಬೇಕು. ಒಬ್ಬನ ಹೆಸರಿದ್ದು ಅವನಿಗೆ ಏನಾದರೂ ಆದರೆ, ಇನ್ನೊಬ್ಬ ಮರುದಿನವೇ ಬೀದಿಗೆ. ಊರಿನಿಂದ ಬಂದ ಸಂಬಂಧಿಕರು ಬೀಗ ಹಾಕಿದರೆ ಕೇಳೋರಿಲ್ಲ.

ಎರಡು, ಮಾಲೀಕರಿಗೆ ನಿಜ ಗೊತ್ತಿರಬೇಕು. ಇಲ್ಲದಿದ್ದರೆ ಪ್ರತಿ ಹಬ್ಬವೂ ಪರೀಕ್ಷೆ.

ಮೂರು, ಅಕ್ಕಪಕ್ಕದಲ್ಲಿ ಒಬ್ಬರಾದರೂ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಬಹುದಾದವರು ಇರಬೇಕು. ಆಸ್ಪತ್ರೆಯಲ್ಲಿ ‘ಪೇಷೆಂಟ್ ಕಡೆಯವರು ಯಾರು?’ ಅಂದಾಗ ‘ಇವರೇ’ ಅಂತ ನನ್ನ ಕಡೆ ಕೈ ತೋರಿಸುವವರು.

ನಾಲ್ಕು, ವಿಲ್ ಬರೆದಿಟ್ಟಿರಬೇಕು, ಎರಡು ಸಾಕ್ಷಿ ಸಮೇತ. ಇದಕ್ಕೆ ಏರಿಯಾ ಬೇಡ, ಆದರೆ ಸಾಕ್ಷಿ ಹಾಕೋಕೆ ಇಬ್ಬರು ಬೇಕಲ್ಲ! ವಾರಸುದಾರರ ಕಾನೂನಿನಲ್ಲಿ ನಾವು ಒಬ್ಬರಿಗೊಬ್ಬರು ಏನೂ ಅಲ್ಲ.

ಈ ನಾಲ್ಕು ಸಿಕ್ಕರೆ ಹೆಗ್ಗನಹಳ್ಳಿಯೂ ಒಳ್ಳೇ ಏರಿಯಾ. ಸಿಗದಿದ್ದರೆ ಈಜುಕೊಳ ಇರೋ ಇಪ್ಪತ್ತನೇ ಮಹಡಿಯೂ ಜೈಲು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಹೌದು, ನಿಮ್ಮದೇ. 2006-07ರಲ್ಲಿ ನಾವೆಲ್ಲ ಬ್ಲಾಗು ಶುರು ಮಾಡಿದ ಕಾಲ ನೆನಪಿದೆಯಾ? ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಕೊಂಡು, ಮೂರು ನಾಲ್ಕು ಜನ ಸೇರಿ ಮಾಡಿದ ರೂಮುಗಳಲ್ಲಿ ಕೂತು ಬರೀತಿದ್ದೆವು. ‘ಬ್ಯಾಚುಲರ್ಸ್‌ಗೆ ಮನೆ ಇಲ್ಲ’ ಅಂದ ಓನರುಗಳ ಮೇಲೆ ಆಗ ಪುಟಗಟ್ಟಲೆ ಹಾಸ್ಯ ಬರೆದೆವು, ಬಿದ್ದು ಬಿದ್ದು ನಕ್ಕೆವು. ಇವತ್ತು ನಿಮ್ಮಲ್ಲಿ ಎಷ್ಟೋ ಜನ ಓನರುಗಳು. ವೈಟ್‌ಫೀಲ್ಡಿನಲ್ಲಿ ಒಂದು ಫ್ಲಾಟು, ಕೆಂಗೇರಿ ಕಡೆ ಒಂದು ಸೈಟು. ಅಸೋಸಿಯೇಷನ್ನಿನ ಕಾರ್ಯದರ್ಶಿಗಳೂ ಇದ್ದೀರಿ. ಆ ಎರಡು ಚೌಕದ ಫಾರಂ ಯಾರೋ ರಾಕ್ಷಸರು ಮಾಡಿದ್ದಲ್ಲ ಸ್ವಾಮಿ, ನಿಮ್ಮಂಥವರು ಭಾನುವಾರದ ಮೀಟಿಂಗಿನಲ್ಲಿ ಕಾಫಿ ಕುಡೀತಾ ಮಾಡಿದ್ದು. ಹಾಗಾಗಿ ಅದನ್ನು ಅಳಿಸೋದೂ ನಿಮ್ಮ ಕೈಯಲ್ಲೇ ಇದೆ, ಇನ್ನೊಂದು ಭಾನುವಾರ ಸಾಕು. ಇಷ್ಟು ಜನ ಇರ್ತಾರೆ, ಬಾಡಿಗೆ ಇಷ್ಟು, ಗಲಾಟೆ ಮಾಡಬಾರದು. ಇದಕ್ಕಿಂತ ಜಾಸ್ತಿ ತಿಳಿದುಕೊಂಡು ಏನು ಮಾಡ್ತೀರಿ?

ನಮಗೆ ಕೊನೆಗೆ ಮನೆ ಸಿಕ್ಕಿತು, ಹೊಸ ರೋಡಿನ ಹತ್ತಿರ. 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡ್ತಿದೆಯಲ್ಲ, ಅವನಿಗೆ ಎಲೆಕ್ಟ್ರಾನಿಕ್ ಸಿಟಿ ಎರಡೇ ಸ್ಟೇಷನ್. ನಾನು ಆರ್.ವಿ. ರೋಡಿನಲ್ಲಿ ಹಸಿರಿಗೆ ಬದಲಿಸಿ ಪೀಣ್ಯಕ್ಕೆ ಹೋಗ್ತೀನಿ, ದಾರಿಯಲ್ಲಿ ಒಂದು ನಿದ್ದೆ ಆಗುತ್ತೆ. ಮನೆಯವರು ನಿವೃತ್ತ ಮೇಷ್ಟ್ರು. ಈ ಸಲ ಸುಳ್ಳು ಹೇಳಲ್ಲ ಅಂತ ತೀರ್ಮಾನ ಮಾಡಿ ಮೊದಲೇ ಹೇಳಿಬಿಟ್ಟೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು ‘ಎರಡು ದಿನ ಟೈಮ್ ಕೊಡಿ’ ಅಂದರು. ಆಗಲ್ಲ ಅನ್ನೋದನ್ನು ಹೀಗೆ ಹೇಳ್ತಿದ್ದಾರೆ ಅಂದುಕೊಂಡೆವು. ಮೂರನೇ ದಿನ ಫೋನ್ ಬಂತು. ‘ನನಗೆ ಇದೆಲ್ಲ ಅರ್ಥ ಆಗಲ್ಲಪ್ಪ. ನಮ್ಮನೆಯವಳು ಕೊಡಿ ಅಂದಳು. ಬಾಡಿಗೆ ಐದನೇ ತಾರೀಕಿನೊಳಗೆ ಹಾಕಿ. ಮೋಟರ್ ಆನ್ ಮಾಡಿ ಮರೀಬೇಡಿ, ಹಿಂದಿನವರು ದಿನಾ ಟ್ಯಾಂಕ್ ತುಂಬಿ ಹರಿಸ್ತಿದ್ದರು.’

ಅರ್ಥ ಆಗಬೇಕು ಅಂತ ನಾವೂ ಕೇಳಿರಲಿಲ್ಲ. ಕರಾರಿನಲ್ಲಿ ಎರಡು ಹೆಸರು ಇವೆ. ಪೊಲೀಸ್ ವೆರಿಫಿಕೇಷನ್ ಫಾರಂನ ‘ಸಂಬಂಧ’ ಕಾಲಂ ಹತ್ತಿರ ಮೇಷ್ಟ್ರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಖಾಲಿ ಬಿಡೋಣ’ ಅಂದರು. ಬಿಟ್ಟೆವು. ಅದು ಇನ್ನೂ ಖಾಲಿಯೇ ಇದೆ. ಅದನ್ನು ತುಂಬೋದು ಮೇಷ್ಟ್ರ ಕೈಯಲ್ಲಿ ಇಲ್ಲ, ಪಾರ್ಲಿಮೆಂಟಿನ ಕೈಯಲ್ಲಿದೆ. ಬೋರ್ಡು ಮಾತ್ರ ನಿಮ್ಮ ಕೈಯಲ್ಲಿದೆ.

ಮುಂದಿನ ಸಲ ಮನೆ ಖಾಲಿಯಾದಾಗ ಬೋರ್ಡಿನ ಮೇಲೆ ಏನು ಬರೀತೀರಿ? ಬೈಯೋದಿದ್ದರೂ ಪರವಾಗಿಲ್ಲ, ಕೆಳಗೆ ಬರೆದು ಹೋಗಿ. ಅವನೂ ಓದ್ತಾನೆ. ಅನ್ನ ಮಾತ್ರ ಇವತ್ತೂ ಗಂಜಿಯೇ :-)